ಕೆ. ಪಿ. ಪೂರ್ಣಚಂದ್ರ ತೇಜಸ್ವಿ: ಬದುಕು ಮತ್ತು ಛಾಯಾಗ್ರಹಣ

ಕುಪ್ಪಳಿ ಪುಟ್ಟಪ್ಪ ಪೂರ್ಣಚಂದ್ರ ತೇಜಸ್ವಿ (8 ಸೆಪ್ಟೆಂಬರ್ 1938 – 5 ಏಪ್ರಿಲ್ 2007) ಕನ್ನಡದ ಪ್ರಮುಖ ಕಥೆಗಾರರು, ಕಾದಂಬರಿಕಾರರು, ಪರಿಸರ ಮತ್ತು ವಿಜ್ಞಾನ ವಿಷಯಗಳ ಲೇಖಕರು ಹಾಗೂ ಛಾಯಾಗ್ರಾಹಕರು. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಕಾಫಿ ಬೆಳೆಗಾರರಾಗಿ ನೆಲೆಸಿ, ತಮ್ಮ ಬದುಕಿನ ಬಹುಭಾಗವನ್ನು ಅಲ್ಲಿಯೇ ಕಳೆದರು. 'ಕರ್ವಾಲೊ', 'ಚಿದಂಬರ ರಹಸ್ಯ', 'ಜುಗಾರಿ ಕ್ರಾಸ್' ಕಾದಂಬರಿಗಳ ಕರ್ತೃವಾಗಿ ಅವರು ನಾಡಿಗೆಲ್ಲ ಪರಿಚಿತರು. ಮನೆಯ ಸುತ್ತಮುತ್ತಲಿನ ಹಕ್ಕಿಗಳನ್ನೂ ಕೀಟಗಳನ್ನೂ ದಶಕಗಳ ಕಾಲ ಚಿತ್ರಿಸಿದ ಅವರ ಕ್ಯಾಮೆರಾ ಕೆಲಸವು ಆ ಸಾಹಿತ್ಯದ ಜೊತೆಜೊತೆಗೆ ಬೆಳೆದದ್ದು. ಈ ಲೇಖನವು ಅವರ ಜೀವನವನ್ನು ಮುಖ್ಯವಾಗಿ ಛಾಯಾಗ್ರಹಣದ ಹಿನ್ನೆಲೆಯಲ್ಲಿ ನಿರೂಪಿಸುತ್ತದೆ.

ಜನನ, ಬಾಲ್ಯ ಮತ್ತು ವಿದ್ಯಾಭ್ಯಾಸ

ತೇಜಸ್ವಿಯವರು ರಾಷ್ಟ್ರಕವಿ ಕುವೆಂಪು ಮತ್ತು ಹೇಮಾವತಿ ದಂಪತಿಗಳ ಹಿರಿಯ ಮಗ. ಇವರ ಮನೆತನದ ಊರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ. ಕುವೆಂಪು ಅವರು ಹುಟ್ಟಿದ್ದು ತಮ್ಮ ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಕೊಪ್ಪವು ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದಾದ್ದರಿಂದ, ಮಗನು ಮುಂದೆ ಆರಿಸಿಕೊಂಡ ಜಿಲ್ಲೆ ಈ ಕುಟುಂಬಕ್ಕೆ ಹೊಸದೇನೂ ಆಗಿರಲಿಲ್ಲ.

ಬಾಲ್ಯ ಕಳೆದದ್ದು ಮೈಸೂರಿನ ಒಂಟಿಕೊಪ್ಪಲಿನ 'ಉದಯರವಿ' ಮನೆಯಲ್ಲಿ. ಕುವೆಂಪು ಅವರ ಕವಿತೆಗಳಲ್ಲಿ ಮಲೆನಾಡಿನ ಹಕ್ಕಿಗಳು ಮತ್ತೆ ಮತ್ತೆ ಬರುತ್ತವೆ. ಕಾಜಾಣ, ಕಾಮಳ್ಳಿ, ಪಿಕಳಾರಗಳ ಹೆಸರು ಕಿವಿಗೆ ಬೀಳುತ್ತಿದ್ದ ಮನೆಯಲ್ಲಿ ಬೆಳೆದ ಹುಡುಗನು ಮುಂದೆ ಅದೇ ಹಕ್ಕಿಗಳನ್ನು ಬೇರೊಂದು ಕಣ್ಣಿನಿಂದ ನೋಡಿದನು. ತಂದೆಗೆ ಹಕ್ಕಿಯು ದರ್ಶನದ ವಸ್ತು. ಮಗನಿಗೆ ಅದು ಗೂಡು ಕಟ್ಟುವ, ಮರಿಗೆ ಹುಳು ತರುವ, ಹಾವಿಗೆ ಹೆದರುವ ಒಂದು ಜೀವಿ. ಈ ವ್ಯತ್ಯಾಸವನ್ನು ತಂದೆ ಮಕ್ಕಳ ಭಿನ್ನಾಭಿಪ್ರಾಯವೆಂದು ತಿಳಿಯಬೇಕಾಗಿಲ್ಲ, ಕಾಲ ಬದಲಾದುದರ ಗುರುತೆಂದು ತಿಳಿದರೆ ಸಾಕು.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ ಕನ್ನಡದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ವಿದ್ಯಾರ್ಥಿ ದೆಸೆಯಲ್ಲಿಯೇ ಚಿತ್ರಕಲೆ, ಸಂಗೀತ, ಛಾಯಾಗ್ರಹಣ ಮೊದಲಾದವುಗಳಲ್ಲಿ ಆಸಕ್ತಿ ಮೂಡಿತ್ತು. ರೈತ ಮುಖಂಡರಾಗಿ ಹೆಸರಾದ ಕಡಿದಾಳು ಶಾಮಣ್ಣ ಈ ಕಾಲದ ಆಪ್ತ ಗೆಳೆಯರು. ಶಾಮಣ್ಣನವರೂ ಕ್ಯಾಮೆರಾ ಹಿಡಿದವರೇ. ರಾಮಮನೋಹರ ಲೋಹಿಯಾ ಅವರ ಸಮಾಜವಾದಿ ವಿಚಾರಗಳು ಈ ಗೆಳೆಯರ ಗುಂಪನ್ನು ಆಳವಾಗಿ ಪ್ರಭಾವಿಸಿದವು.

ಮೂಡಿಗೆರೆಯ ಆಯ್ಕೆ

ಸ್ನಾತಕೋತ್ತರ ಪದವಿ ಪಡೆದ, ಅದರಲ್ಲಿಯೂ ಕುವೆಂಪು ಅವರ ಮಗನಾದ ತರುಣನಿಗೆ ಅಧ್ಯಾಪಕ ವೃತ್ತಿ ಸಹಜವಾಗಿ ಕಾಣುವ ದಾರಿಯಾಗಿತ್ತು. ತೇಜಸ್ವಿಯವರು ಆ ದಾರಿಯನ್ನು ಹಿಡಿಯಲಿಲ್ಲ. 1960ರ ದಶಕದಲ್ಲಿ ಮೂಡಿಗೆರೆಗೆ ಬಂದು ಕೃಷಿಯಲ್ಲಿ ತೊಡಗಿದರು. ಮೊದಲು ನೆಲೆಸಿದ್ದು ಭೂತನಕಾಡಿನ ಬಳಿಯ 'ಚಿತ್ರಕೂಟ' ತೋಟದಲ್ಲಿ. ಅನಂತರ ಮೂಡಿಗೆರೆಯ ಹ್ಯಾಂಡ್‌ಪೋಸ್ಟ್ ಸಮೀಪದ 'ನಿರುತ್ತರ' ತೋಟವು ಅವರ ಶಾಶ್ವತ ನೆಲೆಯಾಯಿತು. 1966ರಲ್ಲಿ ರಾಜೇಶ್ವರಿ ಅವರನ್ನು ವಿವಾಹವಾದರು. ಆಡಂಬರವನ್ನೂ ಪೌರೋಹಿತ್ಯವನ್ನೂ ಬಿಟ್ಟ ಈ ಸರಳ ವಿವಾಹದೊಡನೆಯೇ ಕುವೆಂಪು ರೂಪಿಸಿದ 'ಮಂತ್ರ ಮಾಂಗಲ್ಯ' ಪದ್ಧತಿಯು ಆರಂಭವಾಯಿತು. ದಂಪತಿಗಳಿಗೆ ಇಬ್ಬರು ಹೆಣ್ಣುಮಕ್ಕಳು.

ಮೂಡಿಗೆರೆಯು ಪಶ್ಚಿಮ ಘಟ್ಟದ ಅಂಚಿನ ತಾಲ್ಲೂಕು. ಹೇಮಾವತಿ ನದಿಯು ಇದೇ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯು ಕರಾವಳಿಯ ಕಡೆಗೆ ಇಳಿಯುತ್ತದೆ. ಭದ್ರಾ ನದಿಯ ಕಡೆಗಿನ ಕಳಸವು ಈಗ ಪ್ರತ್ಯೇಕ ತಾಲ್ಲೂಕಾಗಿದೆ. ತೇಜಸ್ವಿಯವರ ಕಾಲದಲ್ಲಿ ಅದೂ ಮೂಡಿಗೆರೆಗೆ ಸೇರಿತ್ತು. ಕಾಫಿ, ಏಲಕ್ಕಿ, ಮೆಣಸು ಇಲ್ಲಿನ ಬೆಳೆಗಳು. ಮಾರ್ಚ್ ಏಪ್ರಿಲ್ ತಿಂಗಳ ಹೂಮಳೆಗೆ ಕಾಫಿ ಗಿಡಗಳು ಬೆಳ್ಳಗೆ ಅರಳುತ್ತವೆ, ಜೂನ್‌ನಿಂದ ತಿಂಗಳುಗಟ್ಟಲೆ ಮಳೆ ಸುರಿಯುತ್ತದೆ, ಚಳಿಗಾಲದಲ್ಲಿ ಹಣ್ಣು ಕುಯ್ಯುವ ಕೆಲಸ. ಇಲ್ಲಿನ ಕಾಫಿಯು ನೆರಳಿನಲ್ಲಿ ಬೆಳೆಯುವ ಬೆಳೆಯಾದ್ದರಿಂದ ತೋಟವೆಂದರೂ ಅದು ಅರ್ಧ ಕಾಡೇ. ಹಾಲುವಾಣ, ಅತ್ತಿ, ಬಸರಿ, ಆಲ, ಸಿಲ್ವರ್ ಓಕ್ ಮರಗಳು ಎತ್ತರದಲ್ಲಿ, ಕಾಫಿ ಗಿಡ ಕೆಳಗೆ. ಅತ್ತಿ, ಬಸರಿಗಳು ಹಣ್ಣಾದಾಗ ಹಕ್ಕಿಗಳ ಸಂತೆಯೇ ನೆರೆಯುತ್ತದೆ. ಹಕ್ಕಿಯನ್ನು ಹುಡುಕಿಕೊಂಡು ಅಭಯಾರಣ್ಯಕ್ಕೆ ಹೋಗಬೇಕಾದ ಅಗತ್ಯ ಇಂತಹ ಮನೆಯಲ್ಲಿ ವಾಸಿಸುವವರಿಗೆ ಇರುವುದಿಲ್ಲ.

ಕೋವಿಯಿಂದ ಕ್ಯಾಮೆರಾಕ್ಕೆ

ಮಲೆನಾಡಿನ ಅಂದಿನ ತೋಟದ ಮನೆಗಳಲ್ಲಿ ಕೋವಿ ಇರುವುದು ಸಾಮಾನ್ಯವಾಗಿತ್ತು. ಶಿಕಾರಿ, ಮೀನು ಹಿಡಿಯುವುದು, ಜೇನು ಕೀಳುವುದು ಇವೆಲ್ಲ ದಿನನಿತ್ಯದ ಬದುಕಿನ ಭಾಗಗಳು. ತೇಜಸ್ವಿಯವರೂ ಮೊದಲ ವರ್ಷಗಳಲ್ಲಿ ಶಿಕಾರಿಯಲ್ಲಿ ತೊಡಗಿದವರು. 'ಪರಿಸರದ ಕಥೆ' (1991) ಪುಸ್ತಕದಲ್ಲಿ ಆ ದಿನಗಳ ಅನುಭವಗಳು ಮಾರ, ಪ್ಯಾರ ಮೊದಲಾದ ಜೊತೆಗಾರರ ಮತ್ತು ಕಿವಿ ಎಂಬ ನಾಯಿಯ ಸಮೇತ ದಾಖಲಾಗಿವೆ. ಕ್ರಮೇಣ ಕೋವಿ ಹಿಂದೆ ಸರಿದು ಕ್ಯಾಮೆರಾ ಮುಂದೆ ಬಂದಿತು. ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸ ಮಾತ್ರ ಕೊನೆಯವರೆಗೂ ಉಳಿಯಿತು.

ಶಿಕಾರಿಯ ಅನುಭವವು ಛಾಯಾಗ್ರಹಣಕ್ಕೆ ವ್ಯರ್ಥವಾಗಲಿಲ್ಲ ಎಂಬುದು ಗಮನಾರ್ಹ. ಹೆಜ್ಜೆಗುರುತು ಓದುವುದು, ಗಾಳಿಯ ದಿಕ್ಕು ತಿಳಿಯುವುದು, ಸದ್ದಿಲ್ಲದೆ ಕಾಯುವುದು, ಯಾವ ಪ್ರಾಣಿ ಎಷ್ಟು ಹೊತ್ತಿಗೆ ಎಲ್ಲಿ ನೀರಿಗಿಳಿಯುತ್ತದೆ ಎಂಬ ತಿಳಿವು ಇವು ಎರಡಕ್ಕೂ ಬೇಕು. ಹಾಗೆಯೇ ಊರಿನ ಕೂಲಿಗಳು, ಜೇನು ಹುಡುಕುವವರು, ಬೇಟೆಗಾರರು ಇವರಲ್ಲಿದ್ದ ಅಲಿಖಿತ ಜ್ಞಾನಕ್ಕೆ ತೇಜಸ್ವಿಯವರು ಕೊಟ್ಟ ಬೆಲೆಯೂ ಇಲ್ಲಿಂದಲೇ ಬಂದುದು. 'ಕರ್ವಾಲೊ' (1980) ಕಾದಂಬರಿಯಲ್ಲಿ ಮೂಡಿಗೆರೆಯ ಜೇನು ಸೊಸೈಟಿಯಿಂದ ಆರಂಭವಾಗುವ ಕಥೆಯು ನಾರ್ವೆಯ ಮಂದಣ್ಣನ ಮೂಲಕ ಹಾರುವ ಓತಿಯ ಹುಡುಕಾಟಕ್ಕೆ ತಿರುಗುತ್ತದೆ. ವಿಜ್ಞಾನಿಗೆ ದಾರಿ ತೋರಿಸುವವನು ಊರಿನವರೆಲ್ಲ ಹಗುರವಾಗಿ ಕಾಣುವ ಈ ಮಂದಣ್ಣ. ಕೊನೆಯಲ್ಲಿ ಆ ಓತಿಯು ಎಲ್ಲರ ಕಣ್ಣೆದುರೇ ಕಣಿವೆಯೊಳಕ್ಕೆ ತೇಲಿ ಮರೆಯಾಗುತ್ತದೆ. ಕಂಡ ಜೀವಿಯು ಕೈಗೆ ಸಿಗದೆ ಹೋಗುವ ಈ ಅನುಭವವನ್ನು ಹಕ್ಕಿಗಳ ಹಿಂದೆ ಕ್ಯಾಮೆರಾ ಹೊತ್ತು ಅಲೆದವರು ಚೆನ್ನಾಗಿ ಬಲ್ಲರು.

ಛಾಯಾಗ್ರಹಣದ ಸ್ವರೂಪ

ತೇಜಸ್ವಿಯವರು ಕ್ಯಾಮೆರಾ ಹಿಡಿದ ಕಾಲದಲ್ಲಿ ಕರ್ನಾಟಕದಲ್ಲಿ ವನ್ಯಜೀವಿ ಛಾಯಾಗ್ರಹಣವು ಹೊಸದೇನಲ್ಲ. ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಇ. ಹನುಮಂತರಾವ್ ಮತ್ತು ಟಿ. ಎನ್. ಎ. ಪೆರುಮಾಳ್ ಅವರ ಚಿತ್ರಗಳು ದೇಶ ವಿದೇಶಗಳಲ್ಲಿ ಮನ್ನಣೆ ಪಡೆದಿದ್ದವು. ಮೈಸೂರಿನವರೇ ಆದ ಟಿ. ಎಸ್. ಸತ್ಯನ್ ಅವರು ಜನಸಾಮಾನ್ಯರ ದೈನಂದಿನ ಬದುಕನ್ನು ಚಿತ್ರಿಸಿ ಪತ್ರಿಕಾ ಛಾಯಾಗ್ರಹಣದಲ್ಲಿ ಹೆಸರಾಗಿದ್ದರು. ತೇಜಸ್ವಿಯವರ ಕೆಲಸ ಈ ಎರಡು ಬಗೆಗಳಿಂದಲೂ ಸ್ವಲ್ಪ ದೂರ ನಿಲ್ಲುತ್ತದೆ. ಅವರ ಪ್ರಕಟಿತ ಚಿತ್ರಗಳಲ್ಲಿ ಹುಲಿ, ಆನೆಗಳ ಭವ್ಯತೆಗೆ ಪ್ರಾಶಸ್ತ್ಯವಿಲ್ಲ. ಪಿಕಳಾರ, ಮಡಿವಾಳ ಹಕ್ಕಿ, ಮಿಂಚುಳ್ಳಿ, ಮರಕುಟಿಗ, ಸೂರಕ್ಕಿ ಮೊದಲಾದ, ಮಲೆನಾಡಿನ ಯಾವ ಹಿತ್ತಲಿಗಾದರೂ ಬರುವ ಹಕ್ಕಿಗಳೇ ಹೆಚ್ಚು. ವಿರಳ ಹಕ್ಕಿಗಳ ಪಟ್ಟಿಯನ್ನು ಬೆಳೆಸುವುದಕ್ಕಿಂತ, ಪ್ರತಿದಿನವೂ ಕಣ್ಣಿಗೆ ಬೀಳುವ ಹಕ್ಕಿ ಏನು ಮಾಡುತ್ತಿದೆ ಎಂಬುದರ ಕಡೆಗೆ ಅವರ ಗಮನ ಹರಿದಿತ್ತು.

ಅಂದಿನ ತಾಂತ್ರಿಕ ಸ್ಥಿತಿಯನ್ನು ಇಂದಿನ ವಿದ್ಯಾರ್ಥಿಗಳು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಒಂದು ಫಿಲ್ಮ್ ಸುರುಳಿಯಲ್ಲಿ ಸಾಮಾನ್ಯವಾಗಿ 36 ಚಿತ್ರಗಳು. ತೆಗೆದ ಚಿತ್ರ ಹೇಗೆ ಬಂದಿದೆ ಎಂಬುದು ಸುರುಳಿಯನ್ನು ಸಂಸ್ಕರಿಸಿದ ಮೇಲಷ್ಟೇ ತಿಳಿಯುವುದು. ಮೂಡಿಗೆರೆಯಂತಹ ಸಣ್ಣ ಪಟ್ಟಣದಲ್ಲಿ ಇರುವವರಿಗೆ ಬಣ್ಣದ ಫಿಲ್ಮಿನ ಸಂಸ್ಕರಣೆ ಎಂದರೆ ದೂರದ ನಗರದ ಮೇಲಿನ ಅವಲಂಬನೆ. ನೆರಳುಮರಗಳ ಕೆಳಗೆ ಬೆಳಕು ಕಡಿಮೆ. ಮಲೆನಾಡಿನ ಮಳೆಗಾಲದ ತೇವಕ್ಕೆ ಮಸೂರದ ಗಾಜಿನ ಮೇಲೆ ಬೂಸ್ಟು ಬೆಳೆಯುತ್ತದೆ. ಹಕ್ಕಿಯು ಗೂಡು ಕಟ್ಟಿರುವ ಜಾಗದ ಹತ್ತಿರ ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಕುಳಿತರೂ ಒಂದೆರಡು ಚಿತ್ರ ಸಿಕ್ಕಿದರೆ ಪುಣ್ಯ. ಇಷ್ಟರ ನಡುವೆ ತೋಟದ ಕೆಲಸ, ಕೂಲಿಯವರ ವ್ಯವಹಾರ, ಕಾಫಿ ಬೆಲೆಯ ಏರಿಳಿತ ಇವುಗಳನ್ನೂ ನೋಡಿಕೊಳ್ಳಬೇಕಿತ್ತು. ಛಾಯಾಗ್ರಹಣವು ಅವರಿಗೆ ವೃತ್ತಿಯಾಗಿರಲಿಲ್ಲ. ಹಾಗೆಂದು ಬಿಡುವಿನ ವೇಳೆಯ ವಿನೋದವೆಂದು ಕರೆಯುವುದೂ ಸರಿಯಾಗದು. ಅದಕ್ಕೆ ವ್ಯಯಿಸಿದ ತಾಳ್ಮೆ ಕಾದಂಬರಿಗೆ ವ್ಯಯಿಸಿದ ತಾಳ್ಮೆಗಿಂತ ಕಡಿಮೆಯಾಗಿರಲಾರದು.

ಪಕ್ಷಿಗಳ ಜೊತೆಗೆ ಜೇಡ, ಚಿಟ್ಟೆ, ಮಿಡತೆ ಮೊದಲಾದ ಸಣ್ಣ ಜೀವಿಗಳನ್ನೂ ಅವರು ಹತ್ತಿರದಿಂದ ನೋಡುತ್ತಿದ್ದರು. ಸಾಧಾರಣವಾಗಿ ಕಾಲಿನ ಕೆಳಗೆ ಸಿಕ್ಕಿ ಸಾಯುವ ಒಂದು ಹುಳುವು ಇಷ್ಟೊಂದು ಬಣ್ಣವನ್ನೂ ರಚನೆಯನ್ನೂ ಹೊತ್ತಿರುತ್ತದೆ ಎಂಬ ಅಚ್ಚರಿಯು ಅವರ ಪರಿಸರ ಬರಹಗಳಲ್ಲಿಯೂ ಕಾಣುತ್ತದೆ. 'ಏರೋಪ್ಲೇನ್ ಚಿಟ್ಟೆ'ಯಂತಹ ಬರಹಗಳನ್ನು ಓದಿದ ಮಕ್ಕಳು ಡ್ರ್ಯಾಗನ್‌ಫ್ಲೈ ಎಂಬ ಇಂಗ್ಲಿಷ್ ಹೆಸರಿನ ಹಂಗಿಲ್ಲದೆ ಆ ಕೀಟವನ್ನು ಗುರುತಿಸಬಲ್ಲರು.

ಊರಿನ ಜನ ಮತ್ತು ಊರಿನ ಹಕ್ಕಿ

ತೇಜಸ್ವಿಯವರ ಚಿತ್ರಗಳಲ್ಲಿ ಮನುಷ್ಯರು ವಿರಳ. ಮೂಡಿಗೆರೆಯ ಸಂತೆ, ತೋಟದ ಕೂಲಿಲೈನುಗಳು, ಅಂಚೆ ಕಚೇರಿ, ಸರ್ಕಾರಿ ಕಚೇರಿಗಳ ಜಗಲಿ, ಬಸ್ಸು ನಿಲ್ಲುವ ಕ್ರಾಸುಗಳು ಇವುಗಳ ದಾಖಲೆಯನ್ನು ಹುಡುಕುವವರು ಅವರ ಕಥೆಗಳಿಗೇ ಹೋಗಬೇಕು. 'ಅಬಚೂರಿನ ಪೋಸ್ಟಾಫೀಸು' (1973) ಸಂಕಲನದಿಂದ ಆರಂಭಿಸಿ ಮಲೆನಾಡಿನ ಸಣ್ಣ ಊರೊಂದರ ಬದುಕು ಅಲ್ಲಿ ದಟ್ಟವಾಗಿ ತುಂಬಿದೆ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನ ಕಥೆಯನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು. ಆ ಚಿತ್ರಕ್ಕೆ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು.

ಜನರ ವಿಷಯದಲ್ಲಿ ಕ್ಯಾಮೆರಾಕ್ಕಿಂತ ಲೇಖನಿಯನ್ನು ಅವರು ನೆಚ್ಚಿಕೊಂಡದ್ದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮನುಷ್ಯನು ಕ್ಯಾಮೆರಾ ಕಂಡೊಡನೆ ನೆಟ್ಟಗೆ ನಿಲ್ಲುತ್ತಾನೆ, ಅಂಗಿ ಸರಿಮಾಡಿಕೊಳ್ಳುತ್ತಾನೆ. ತೇಜಸ್ವಿಯವರಿಗೆ ಬೇಕಾಗಿದ್ದುದು ಅವನ ಮಾತು, ಜಗಳ, ಸುಳ್ಳು, ಹಟ ಮತ್ತು ನಗು. ಅವು ಚಿತ್ರದಲ್ಲಿ ಸಿಗುವಂಥವಲ್ಲ. ಹಕ್ಕಿಯ ವಿಷಯ ಇದಕ್ಕೆ ತದ್ವಿರುದ್ಧ. ಅದನ್ನು ಎಷ್ಟು ವರ್ಣಿಸಿದರೂ ಕಾಣದವರಿಗೆ ಅದು ಬರಿಯ ಹೆಸರು. ಆದುದರಿಂದ ಅವರ ಕಥೆಗಳನ್ನೂ ಚಿತ್ರಗಳನ್ನೂ ಜೊತೆಗಿಟ್ಟುಕೊಂಡು ನೋಡಿದಾಗಲೇ 20ನೆಯ ಶತಮಾನದ ಉತ್ತರಾರ್ಧದ ಮೂಡಿಗೆರೆ ಸೀಮೆಯ ಪೂರ್ಣ ದಾಖಲೆ ದೊರೆಯುತ್ತದೆ.

ಈ ದಾಖಲೆಗೆ ಇನ್ನೊಂದು ಮಹತ್ವವೂ ಇದೆ. ತೇಜಸ್ವಿಯವರು ಅಲ್ಲಿ ವಾಸವಾಗಿದ್ದ ದಶಕಗಳಲ್ಲಿ ಆ ಸೀಮೆ ಬದಲಾಗುತ್ತಲೇ ಇತ್ತು. ಕುದುರೆಮುಖದಲ್ಲಿ 1976ರಲ್ಲಿ ಸ್ಥಾಪನೆಯಾದ ಕಬ್ಬಿಣದ ಅದಿರಿನ ಕಂಪನಿಯ ಗಣಿಗಾರಿಕೆಯು ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಕಾಡಿನ ಏಲಕ್ಕಿ ಬೆಳೆ ರೋಗಕ್ಕೆ ತುತ್ತಾಗಿ ಕ್ಷೀಣಿಸಿತು. 'ಚಿದಂಬರ ರಹಸ್ಯ' (1985) ಕಾದಂಬರಿಯ ಕೆಸರೂರು ಎಂಬ ಊರಿನಲ್ಲಿ ಏಲಕ್ಕಿಯ ಅವನತಿ, ಕಳ್ಳನಾಟ, ಜಾತಿ ಮತಗಳ ವೈಷಮ್ಯ ಎಲ್ಲವೂ ಸೇರಿ ಕೊನೆಗೆ ಕಾಡ್ಗಿಚ್ಚಿನಲ್ಲಿ ಮುಗಿಯುತ್ತವೆ. 'ಜುಗಾರಿ ಕ್ರಾಸ್' (1994) ಕೂಡ ಏಲಕ್ಕಿ ವ್ಯಾಪಾರದ ಸುತ್ತ ಹೆಣೆದುದು. ಕಾದಂಬರಿಯಲ್ಲಿ ಉರಿದುಹೋಗುವ ಕಾಡಿನ ಹಕ್ಕಿಗಳು ಅವರ ಛಾಯಾಚಿತ್ರಗಳಲ್ಲಿ ನೆಮ್ಮದಿಯಾಗಿ ಕುಳಿತಿರುವುದನ್ನು ಕಂಡಾಗ, ಆ ಚಿತ್ರಗಳು ಬರಿಯ ಅಲಂಕಾರಕ್ಕೆ ತೆಗೆದವಲ್ಲ ಎಂಬುದು ಮನದಟ್ಟಾಗುತ್ತದೆ.

ಚಿತ್ರಗಳ ಪುಸ್ತಕಗಳು

ಛಾಯಾಚಿತ್ರಗಳು ಮತ್ತು ಪಕ್ಷಿವೀಕ್ಷಣೆಗೆ ಸಂಬಂಧಿಸಿದಂತೆ ತೇಜಸ್ವಿಯವರು ಕನ್ನಡಕ್ಕೆ ಕೊಟ್ಟ ಪುಸ್ತಕಗಳಲ್ಲಿ 'ಕನ್ನಡ ನಾಡಿನ ಹಕ್ಕಿಗಳು' ಮುಖ್ಯವಾದುದು. ಇದು 'ಮಿಂಚುಳ್ಳಿ' ಮತ್ತು 'ಹೆಜ್ಜೆ ಮೂಡದ ಹಾದಿ' ಎಂಬ ಎರಡು ಭಾಗಗಳಲ್ಲಿ ಪ್ರಕಟವಾಗಿದೆ. 'ಹಕ್ಕಿ ಪುಕ್ಕ' ಹಕ್ಕಿಗಳನ್ನು ಗುರುತಿಸಲು ನೆರವಾಗುವ ಪುಸ್ತಕ. 'ಮಾಯೆಯ ಮುಖಗಳು' ಚಿತ್ರ ಮತ್ತು ಬರಹಗಳು ಕೂಡಿದ ಕೃತಿ.

ಸಲೀಂ ಅಲಿಯವರ ಭಾರತೀಯ ಪಕ್ಷಿಗಳ ಪ್ರಸಿದ್ಧ ಇಂಗ್ಲಿಷ್ ಗ್ರಂಥವು 1941ರಲ್ಲಿಯೇ ಬಂದಿದ್ದಿತು. ಆದರೆ ಇಂಗ್ಲಿಷ್ ಬಾರದ ಹಳ್ಳಿಯ ಹುಡುಗನಿಗೆ ತನ್ನ ಮನೆಯ ಮುಂದಿನ ಹಕ್ಕಿಯ ಬಗ್ಗೆ ಓದಲು ಸಚಿತ್ರ ಪುಸ್ತಕಗಳು ಕನ್ನಡದಲ್ಲಿ ಬಹು ವಿರಳವಾಗಿದ್ದವು. ಇದರಲ್ಲಿ ಹೆಸರಿನ ತೊಡಕೂ ಇದೆ. ಒಂದೇ ಹಕ್ಕಿಗೆ ಮಲೆನಾಡಿನಲ್ಲಿ ಒಂದು ಹೆಸರು, ಬಯಲುಸೀಮೆಯಲ್ಲಿ ಇನ್ನೊಂದು, ತುಳುನಾಡಿನಲ್ಲಿ ಮತ್ತೊಂದು. ಕೆಲವು ಕಡೆ ಹಲವು ಹಕ್ಕಿಗಳಿಗೆ ಸೇರಿ ಒಂದೇ ಹೆಸರು. ಇಂಗ್ಲಿಷಿನಿಂದ ಪದಕ್ಕೆ ಪದ ಭಾಷಾಂತರಿಸಿ ಕೃತಕ ಹೆಸರುಗಳನ್ನು ಸೃಷ್ಟಿಸುವುದು ಸುಲಭ, ಆದರೆ ಅವನ್ನು ಯಾರೂ ಬಳಸುವುದಿಲ್ಲ. ತೇಜಸ್ವಿಯವರು ಜನರ ನಾಲಗೆಯ ಮೇಲಿದ್ದ ಹೆಸರುಗಳಿಗೆ ಮನ್ನಣೆ ನೀಡಿದರು. ಸಸ್ಯಶಾಸ್ತ್ರದಲ್ಲಿ ಬಿ. ಜಿ. ಎಲ್. ಸ್ವಾಮಿಯವರು 'ಹಸುರು ಹೊನ್ನು' ಮೂಲಕ ಮಾಡಿದ ಕೆಲಸಕ್ಕೆ ಇದನ್ನು ಹೋಲಿಸಬಹುದು. ಶಾಸ್ತ್ರವನ್ನು ಕನ್ನಡದ ಮಾತಿನಲ್ಲಿ, ಕಥೆಯ ರುಚಿ ಕೆಡದಂತೆ ಹೇಳುವ ಪರಂಪರೆ ಇಬ್ಬರದೂ.

ಕಾದಂಬರಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವವರಿಗೆ 'ಚಿದಂಬರ ರಹಸ್ಯ' ಮತ್ತು 'ಜುಗಾರಿ ಕ್ರಾಸ್' ನಡುವಿನ ಒಂಬತ್ತು ವರ್ಷಗಳ ಅಂತರ ದೀರ್ಘವೆನಿಸಬಹುದು. ಕ್ಯಾಮೆರಾ, ಕಂಪ್ಯೂಟರ್, ಗಾಳ ಇವು ಒಬ್ಬ ದೊಡ್ಡ ಕಾದಂಬರಿಕಾರನ ಸಮಯವನ್ನು ಕಸಿದುಕೊಂಡವೆಂದು ಕೊರಗುವುದೂ ಸಾಧ್ಯ. ಇದು ನ್ಯಾಯವಾದ ಕೊರಗಲ್ಲ. ಆ ಅವಧಿಯಲ್ಲಿಯೇ 'ಪರಿಸರದ ಕಥೆ', 'ಕಿರಗೂರಿನ ಗಯ್ಯಾಳಿಗಳು', 'ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್' ಪ್ರಕಟವಾದವು. ಅಲ್ಲದೆ 'ಪರಿಸರದ ಕಥೆ'ಯಂತಹ ಪುಸ್ತಕವು ವರ್ಷಗಟ್ಟಲೆ ಹಳ್ಳದ ದಂಡೆಯಲ್ಲಿ ಸುಮ್ಮನೆ ಕುಳಿತವನಿಂದಲ್ಲದೆ ಬರೆಯಲು ಆಗುವಂಥದಲ್ಲ.

ಇತರ ಕಾರ್ಯಗಳು

ನವ್ಯ ಸಾಹಿತ್ಯದ ಪ್ರಭಾವದಲ್ಲಿ ಬರವಣಿಗೆ ಆರಂಭಿಸಿದ ತೇಜಸ್ವಿಯವರು 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ ಆ ಮಾರ್ಗದಿಂದ ಹೊರಬರುವುದನ್ನು ಘೋಷಿಸಿದರು. ಕೆನೆತ್ ಆಂಡರ್ಸನ್ ಅವರ ಶಿಕಾರಿ ಅನುಭವಗಳನ್ನು 'ಕಾಡಿನ ಕಥೆಗಳು' ಮಾಲೆಯಾಗಿ ಕನ್ನಡಕ್ಕೆ ತಂದರು. ಜಗತ್ತಿನ ವಿದ್ಯಮಾನಗಳನ್ನು ಕುರಿತ 'ಮಿಲೆನಿಯಂ' ಮಾಲೆಯ 16 ಪುಸ್ತಕಗಳು ಶಾಲಾ ಮಕ್ಕಳಿಗೂ ಪ್ರಿಯವಾದವು. ತಂದೆಯವರನ್ನು ಕುರಿತು 'ಅಣ್ಣನ ನೆನಪು' (1996) ಬರೆದರು. ಮನೆಯಲ್ಲಿ ಮಕ್ಕಳು ಕುವೆಂಪು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದುದರಿಂದ ಪುಸ್ತಕಕ್ಕೆ ಆ ಹೆಸರು. ಕೊನೆಯ ವರ್ಷಗಳಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬಳಕೆಗೆ ವಿಶೇಷವಾಗಿ ಶ್ರಮಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಹೊರತಂದ 'ಕುವೆಂಪು ತಂತ್ರಾಂಶ'ದ ಹಿಂದೆ ಅವರ ಒತ್ತಾಸೆ ಇತ್ತು.

'ಚಿದಂಬರ ರಹಸ್ಯ' ಕಾದಂಬರಿಗೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಹಾಗೂ 2001ರಲ್ಲಿ ರಾಜ್ಯ ಸರ್ಕಾರದ ಪಂಪ ಪ್ರಶಸ್ತಿ ಅವರಿಗೆ ಸಂದವು. ಸಭೆ ಸಮಾರಂಭಗಳಿಂದ ಅವರು ಸಾಮಾನ್ಯವಾಗಿ ದೂರವಿರುತ್ತಿದ್ದರು. ಮೂಡಿಗೆರೆಯ ಜನರಿಗೆ ಹೆಚ್ಚು ಪರಿಚಿತವಾಗಿದ್ದುದು ಹಳೆಯ ಸ್ಕೂಟರಿನಲ್ಲಿ ಪೇಟೆಗೆ ಬಂದು ಹೋಗುತ್ತಿದ್ದ ತೇಜಸ್ವಿ.

ನಿಧನ ಮತ್ತು ನಂತರ

ತೇಜಸ್ವಿಯವರು 2007ರ ಏಪ್ರಿಲ್ 5ರಂದು ಮೂಡಿಗೆರೆಯ 'ನಿರುತ್ತರ'ದಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 68 ವರ್ಷ. ಕುಪ್ಪಳಿಯಲ್ಲಿ ಅವರ ಸ್ಮಾರಕವಿದೆ. ಪತ್ನಿ ರಾಜೇಶ್ವರಿ ತೇಜಸ್ವಿಯವರು ತಮ್ಮ ದಾಂಪತ್ಯದ ನೆನಪುಗಳನ್ನು 'ನನ್ನ ತೇಜಸ್ವಿ' ಎಂಬ ಪುಸ್ತಕದಲ್ಲಿ ದಾಖಲಿಸಿದ್ದಾರೆ. ತೋಟದ ಮನೆಯ ದಿನಚರಿಯನ್ನೂ ತೇಜಸ್ವಿಯವರ ಹವ್ಯಾಸಗಳನ್ನೂ ತಿಳಿಯಲು ಇದು ಉಪಯುಕ್ತ ಆಕರ. ರಾಜೇಶ್ವರಿಯವರು 2021ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಮರಣಾನಂತರ ಅವರು ತೆಗೆದ ಪಕ್ಷಿಚಿತ್ರಗಳ ಪ್ರದರ್ಶನಗಳು ರಾಜ್ಯದ ಹಲವು ಊರುಗಳಲ್ಲಿ ನಡೆದಿವೆ. ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವು ಸಾಹಿತ್ಯ, ಪರಿಸರ ಮತ್ತು ಛಾಯಾಗ್ರಹಣಕ್ಕೆ ಸಂಬಂಧಿಸಿದ ಕಾರ್ಯಕ್ರಮಗಳನ್ನು ನಡೆಸುತ್ತಿದೆ. ಚಾರ್ಮಾಡಿ ಘಾಟಿಯ ಮೂಲಕ ಧರ್ಮಸ್ಥಳ, ಮಂಗಳೂರುಗಳಿಗೆ ಹೋಗುವ ರಸ್ತೆಯಲ್ಲಿಯೇ ಈ ಊರು ಇರುವುದರಿಂದ ಪ್ರಯಾಣಿಕರು ಅಲ್ಲಿಗೆ ಸುಲಭವಾಗಿ ಭೇಟಿ ನೀಡಬಹುದು.